ಊಟದ ಪಟ್ಟಿಯಲ್ಲಿ ಬೆಳೆಗಾರನ ಹೆಸರು

ನಮ್ಮ ಸದಸ್ಯರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಕೊಯ್ಲು, ಮಾರಾಟ ಮುಗಿಸಿ ಮಳೆಗಾಲವನ್ನು ಅಲ್ಲಿ ಕಳೆದು ಬರುವವರು ವರ್ಷಕ್ಕೆ ನಾಲ್ಕಾರು ಮಂದಿಯಾದರೂ ಇರುತ್ತಾರೆ. ಹಾಗೆ ಹೋದವರನ್ನು ಮಕ್ಕಳು ಒಂದು ದಿನ 'ಫಾರ್ಮ್ ಟು ಟೇಬಲ್' ಎಂಬ ಬಗೆಯ ಹೋಟೆಲಿಗೆ ಕರೆದೊಯ್ಯುವುದುಂಟು. ಜಮೀನಿನಿಂದ ನೇರವಾಗಿ ಊಟದ ಮೇಜಿಗೆ ಎಂದು ಅದರ ಅರ್ಥ. ತಲೆಗೆ ನೂರು ಡಾಲರಿಗೂ ಮೇಲೆ ಬೀಳುವ ಜಾಗಗಳಿವೆ. ಪಟ್ಟಿಯ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ, ಬಡಿಸುವವರಿಗೆ ನೂರಕ್ಕೆ 18-20ರಷ್ಟು ಬೇರೆ ಕೊಡಬೇಕು. ಬಿಲ್ಲು ನೋಡಿ ಎದೆ ಧಸಕ್ಕೆನ್ನುವುದು ಸಹಜವೇ. ಆದರೆ ಬೆಳೆಗಾರರಾದ ನಾವು ಅಲ್ಲಿ ನೋಡಬೇಕಾದದ್ದು ಬಿಲ್ಲಿಗಿಂತ ಊಟದ ಪಟ್ಟಿಯನ್ನು.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಒಂದು ಹೋಟೆಲಿಗೆ ನಾನೂ ಹೋಗಿದ್ದೆ. ಟೊಮೇಟೊ ಇಂಥ ಫಾರ್ಮಿನದು, ಸೊಪ್ಪು ಇಂಥವರದು, ಗಿಣ್ಣು ಇಂಥ ಹಟ್ಟಿಯದು ಎಂದು ಪಟ್ಟಿಯಲ್ಲಿ ಅಚ್ಚಾಗಿತ್ತು. ಬಡಿಸುವ ಹುಡುಗನನ್ನು ಕೇಳಿದರೆ ಆ ಜಮೀನು ಎಷ್ಟು ಮೈಲಿ ದೂರ ಎಂಬುದನ್ನೂ ಹೇಳಿದ. ಕೊನೆಗೆ ಕಾಫಿ ಬಂತು. ಇದು ಯಾರ ತೋಟದ್ದಪ್ಪ ಎಂದೆ. ಅವನು ಹುರಿದ ಕಂಪನಿಯ ಹೆಸರು ಹೇಳಿದ. ಬೆಳೆದವನ ಹೆಸರು ಅವನಿಗೂ ಗೊತ್ತಿರಲಿಲ್ಲ, ಒಳಗೆ ಹೋಗಿ ವಿಚಾರಿಸಿ ಬಂದರೂ ಗೊತ್ತಾಗಲಿಲ್ಲ.

ಟೊಮೇಟೊಗೆ ಹೆಸರಿದೆ, ಕಾಫಿಗೆ ಏಕಿಲ್ಲ? ಇದನ್ನು ತಿಳಿಯಲು ಆ ಪದ್ಧತಿ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

ಇದಕ್ಕೆ ಮೂಲವೆಂದು ಹೆಚ್ಚಿನವರು ಹೇಳುವುದು ಬರ್ಕಲಿ ನಗರದ 'ಶೆ ಪನೀಸ್' ಹೋಟೆಲನ್ನು. ಫ್ರಾನ್ಸಿನಲ್ಲಿ ಓದುತ್ತಿದ್ದಾಗ ಅಲ್ಲಿನ ಸಂತೆಯ ತಾಜಾ ಪದಾರ್ಥಗಳ ಅಡುಗೆಗೆ ಮನಸೋತಿದ್ದ ಆಲಿಸ್ ವಾಟರ್ಸ್ ಎಂಬಾಕೆ 1971ರ ಆಗಸ್ಟಿನಲ್ಲಿ ಅದನ್ನು ತೆರೆದರು. ಮೊದಲ ರಾತ್ರಿಯ ಊಟದ ಬೆಲೆ 3 ಡಾಲರ್ 95 ಸೆಂಟ್. ಅಲ್ಲಿ ಗಿರಾಕಿ ಕೇಳಿದ್ದನ್ನೆಲ್ಲ ಮಾಡಿಕೊಡುವ ಪದ್ಧತಿಯಿರಲಿಲ್ಲ. ರಾತ್ರಿಗೆ ಒಂದೇ ಊಟ, ಅದೂ ಆ ದಿನ ಸಿಕ್ಕಿದ ಪದಾರ್ಥದ ಮೇಲೆ. ನಮ್ಮ ಮನೆಗಳಲ್ಲಿ ಹಿತ್ತಿಲಿಗೆ ಹೋಗಿ ಬಂದ ಮೇಲೆ ಇವತ್ತು ಏನು ಹುಳಿ ಎಂದು ನಿರ್ಧರಿಸುವುದಿಲ್ಲವೇ, ಹಾಗೆ.

ಒಳ್ಳೆಯ ತರಕಾರಿ ಸಾಲದೆ ಬಂದಾಗ ವಾಟರ್ಸರ ತಂದೆಯೇ ಸುತ್ತಲಿನ ಜಮೀನುಗಳನ್ನು ಅಲೆದು ಸೊನೋಮಾ ಪ್ರಾಂತ್ಯದ ಬಾಬ್ ಕ್ಯಾನರ್ಡ್ ಎಂಬ ರೈತನನ್ನು ಗೊತ್ತುಮಾಡಿದರು. ಆತ ಬೆಳೆದದ್ದನ್ನು ಹೋಟೆಲು ಕೊಳ್ಳುವುದು, ಅಡುಗೆಮನೆಯ ಸಿಪ್ಪೆ-ಸೊಪ್ಪು ಗೊಬ್ಬರವಾಗಲು ಆತನ ಜಮೀನಿಗೆ ಹೋಗುವುದು ಎಂದು ಏರ್ಪಾಡಾಯಿತು. ರೈತರನ್ನು ಹುಡುಕಿ ಸಂಪರ್ಕ ಇಟ್ಟುಕೊಳ್ಳುವುದಕ್ಕೆಂದೇ ಹೋಟೆಲು ಒಬ್ಬ ಕೆಲಸಗಾರರನ್ನೂ ಇಟ್ಟುಕೊಂಡಿತು. ಇದರಲ್ಲಿ ಬೆಳೆಗಾರನಿಗೆ ಸಿಕ್ಕುವ ದೊಡ್ಡ ಲಾಭ ದರಕ್ಕಿಂತ ನಿಶ್ಚಿತತೆ: ಬಿತ್ತುವಾಗಲೇ ಕೊಳ್ಳುವವನು ಗೊತ್ತಿರುತ್ತಾನೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಫ್ರೆಸ್ನೋ ಬಳಿಯ ಮಸುಮೊಟೊ ಕುಟುಂಬದವರು 'ಸನ್ ಕ್ರೆಸ್ಟ್' ಎಂಬ ಹಳೆಯ ಪೀಚ್ ತಳಿಯನ್ನು ಬೆಳೆಯುತ್ತಿದ್ದರು. ರುಚಿ ಉತ್ತಮ, ಆದರೆ ಬಣ್ಣ ಸಾಲದು, ಬೇಗ ಮೆತ್ತಗಾಗುತ್ತದೆ ಎಂದು ದೊಡ್ಡ ಮಾರುಕಟ್ಟೆ ತಿರಸ್ಕರಿಸಿತು. ಗಿಡ ಕಿತ್ತುಹಾಕುವ ಮಾತು ಬಂದಿತ್ತು. ಡೇವಿಡ್ ಮಸುಮೊಟೊ ಆ ಸಂಕಟವನ್ನೇ 1995ರಲ್ಲಿ ಪುಸ್ತಕವಾಗಿ ಬರೆದರು. ಆ ತೋಟದ ಪೀಚನ್ನು ಶೆ ಪನೀಸ್ ಯಾವ ಅಡುಗೆಯನ್ನೂ ಮಾಡದೆ, ಹಣ್ಣಾಗಿಯೇ, ತೋಟದ ಹೆಸರು ಹಾಕಿ ಬಡಿಸಿತು. ರೋಗ ತಡೆಯದೆಂದು ಹಳೆಯ ಅರೇಬಿಕಾ ತಳಿಗಳನ್ನು ಕಿತ್ತವರಿಗೆ ಈ ಕಥೆಯ ಬಿಸಿ ಗೊತ್ತಾಗುತ್ತದೆ.

ಎಲ್ಲ ಕಡೆಯೂ ಇಷ್ಟು ಪ್ರಾಮಾಣಿಕತೆ ಇದೆಯೆಂದು ತಿಳಿಯಬಾರದು. ಹೆಸರಿಗೆ ಬೆಲೆ ಬಂದಮೇಲೆ ಸುಳ್ಳು ಹೆಸರೂ ಬರುತ್ತದೆ. 2016ರಲ್ಲಿ ಫ್ಲೋರಿಡಾದ 'ಟ್ಯಾಂಪಾ ಬೇ ಟೈಮ್ಸ್' ಪತ್ರಿಕೆಯ ಲಾರಾ ರೈಲಿ ತಮ್ಮ ಊರಿನ ಹೋಟೆಲುಗಳ ಪಟ್ಟಿ ಹಿಡಿದು, ಅದರಲ್ಲಿದ್ದ ರೈತರನ್ನೇ ವಿಚಾರಿಸಿದರು. ನಾವು ಅವರಿಗೆ ಮಾಲು ಕೊಟ್ಟೇ ಇಲ್ಲ ಎಂದವರಿದ್ದರು, ಹಿಂದೆ ಎಂದೋ ಕೊಟ್ಟು ನಿಲ್ಲಿಸಿದವರೂ ಇದ್ದರು. ಆದ್ದರಿಂದ ಪ್ರವಾಸದಲ್ಲಿರುವ ಸದಸ್ಯರು ಇಂಥಲ್ಲಿ ಕೂತಾಗ ಸುಮ್ಮನೆ ಒಂದು ಪ್ರಶ್ನೆ ಕೇಳಿ ನೋಡಬಹುದು: ಇದನ್ನು ಯಾವಾಗ ಕೊಯ್ದದ್ದು? ಕಾಲವಲ್ಲದ ಕಾಲದಲ್ಲಿ ಟೊಮೇಟೊ ಬಡಿಸಿ ಪಕ್ಕದ ಊರಿನದು ಎಂದರೆ ನಂಬಬೇಕಾಗಿಲ್ಲ.

ಈಗ ಕಾಫಿಯ ವಿಷಯ. ಟೊಮೇಟೊ ಕೊಳೆಯುತ್ತದೆ, ಆದ್ದರಿಂದ ಹತ್ತಿರದ ರೈತನೇ ಬೇಕು, ಅವನ ಮುಖ ಗೊತ್ತಿರುತ್ತದೆ. ಕಾಫಿ ಬೀಜ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ, ಹಡಗು ಹತ್ತುತ್ತದೆ, ನಾಲ್ಕು ದೇಶದ ಬೀಜದೊಡನೆ ಬೆರೆಯುತ್ತದೆ. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿತ್ತು. ಮಂಡಳಿಯ ಪೂಲ್ ಪದ್ಧತಿಯಲ್ಲಿ ಎಲ್ಲರ ಕಾಫಿಯೂ ದರ್ಜೆಯ ಪ್ರಕಾರ ಒಂದಾಗುತ್ತಿತ್ತು, ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಹಣ ಬರುತ್ತಿತ್ತು. ಅದು ಸಣ್ಣವರಿಗೆ ನೆರಳಾಗಿತ್ತೆಂಬುದನ್ನು ನಾನು ಮರೆತಿಲ್ಲ. ಆದರೆ ಆ ನೆರಳಿನಲ್ಲಿ ನಮ್ಮ ಹೆಸರು 'ಪ್ಲಾಂಟೇಷನ್ ಎ', 'ಚೆರಿ ಎಬಿ' ಎಂದಾಯಿತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಪೂಲ್ ಹೋಯಿತು. ಹೆಸರು ಮಾತ್ರ ಬಹುಮಂದಿಗೆ ಮರಳಿ ಬರಲಿಲ್ಲ. ಅಡಿಕೆಯದೂ ಇದೇ ಕಥೆ: ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ಹೆಸರುಂಟು, ತೋಟದ ಹೆಸರಿಲ್ಲ.

ತೋಟದ ಹೆಸರು ಹಾಕಿ ಕಾಫಿ ಮಾರುವ ಅಂಗಡಿಗಳು ಇಲ್ಲಿಯೂ ಅಲ್ಲಿಯೂ ಈಗ ಇವೆ. ಅವರು ಕೇಳುವುದು ದಾಖಲೆಯನ್ನು: ಯಾವ ತಳಿ, ಯಾವ ಎತ್ತರ, ಯಾವ ವಾರದ ಕೊಯ್ಲು, ಹೇಗೆ ಒಣಗಿಸಿದ್ದು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ದೊರೆತಿದೆ. ಆದರೆ ಆ ಗುರುತನ್ನು ಚೀಲದ ಮೇಲೆ ಹಾಕಬೇಕಾದರೆ ಬೆಳೆಗಾರ ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಊರಿಗೆ ಗುರುತು ಬಂತೆಂದರೆ ತನಗೂ ಬಂತೆಂದು ತಿಳಿದ ಸದಸ್ಯರು ಹಲವರಿದ್ದಾರೆ. ಅದು ಹಾಗಲ್ಲ.

ಅಮೆರಿಕದವರನ್ನು ಆಡಿಕೊಳ್ಳುವ ಮುಂಚೆ ನಮ್ಮ ಮನೆಯನ್ನೂ ನೋಡಬೇಕು. ಹೋಂಸ್ಟೇ ನಡೆಸುವ ಸದಸ್ಯರೊಬ್ಬರ ಮನೆಯಲ್ಲಿ ಈಚೆಗೆ ಬೆಂಗಳೂರಿನ ಅತಿಥಿಗಳು, ಕಾಫಿ ನಿಮ್ಮ ತೋಟದ್ದೇ ಅಲ್ಲವೇ ಎಂದು ಕೇಳಿದರು. ಅಂಗಳದಲ್ಲಿ ಪಾರ್ಚ್‌ಮೆಂಟ್ ಒಣಗುತ್ತಿತ್ತು. ಲೋಟದಲ್ಲಿದ್ದದ್ದು ಪೇಟೆಯಿಂದ ತಂದ ಚಿಕೋರಿ ಬೆರೆತ ಪುಡಿ.

ಈ ಹಂಗಾಮಿನಿಂದ ಸಂಘದ ಗೋದಾಮಿಗೆ ಬರುವ ಚೀಲಗಳಿಗೆ ತೋಟದ ಹೆಸರು, ತಳಿ, ಕೊಯ್ಲಿನ ವಾರ ಬರೆದ ಚೀಟಿ ಕಟ್ಟಿ ತರಬೇಕೆಂದು ಕೋರುತ್ತೇನೆ. ಚೀಟಿಗಳು ಕಚೇರಿಯಲ್ಲಿ ದೊರೆಯುತ್ತವೆ.