ನಾಲ್ಕನೆಯ ಹೆಸರು

ಬೆಂಗಳೂರಿನ ಒಂದು ವೈದ್ಯಕೀಯ ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನ 1987ರ ಸಂಪುಟ ಕೈಗೆ ಸಿಕ್ಕಿತು. 335ರಿಂದ 338, ಬರೀ ನಾಲ್ಕು ಪುಟದ ವರದಿ. ಏಡ್ಸ್ ವೈರಸ್ಸು ನಮ್ಮ ದೇಶಕ್ಕೂ ಕಾಲಿಟ್ಟಿದೆ ಎಂಬುದಕ್ಕೆ ಮೊದಲ ಪುರಾವೆ ಇರುವುದು ಇಲ್ಲಿ. ಲೇಖಕರು ಏಳು ಮಂದಿ. ಮೊದಲ ಹೆಸರು ವೆಲ್ಲೂರಿನ ಸಿಮೋಯ್ಸ್, ಕೊನೆಯದು ಅಮೆರಿಕದ ಕ್ವಿನ್. ನಿರ್ಮಲಾ ನಾಲ್ಕನೆಯವರು, ಅವರ ಗುರು ಸುನೀತಿ ಸಾಲೋಮನ್ ಐದನೆಯವರು. ನಾನು ಆ ಸಾಲನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿದೆ.

ಸೆಲ್ಲಪ್ಪನ್ ನಿರ್ಮಲಾ ಆಗ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ, ವಯಸ್ಸು ಮೂವತ್ತೆರಡು. ಡಿಸರ್ಟೇಶನ್‌ಗೆ ವಿಷಯ ಬೇಕಿತ್ತು. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪೆಥಾಲಜಿ ಕಲಿತು 1973ರಲ್ಲಿ ಮರಳಿದ್ದ ಸುನೀತಿ, ಏಡ್ಸ್ ಹುಡುಕು ಎಂದರು. ಏಡ್ಸ್ ಪಾಶ್ಚಾತ್ಯರ ಕಾಯಿಲೆ, ನಮ್ಮ ಸಂಸ್ಕೃತಿಗೆ ಅದು ತಗಲದು ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ಮುಂಬೈಯಲ್ಲಿ ಹುಡುಕಿದವರಿಗೂ ಏನೂ ಸಿಕ್ಕಿರಲಿಲ್ಲ.

ಸೋಂಕಿನ ಅಪಾಯ ಹೆಚ್ಚಿದ್ದ ಲೈಂಗಿಕ ವೃತ್ತಿಯ ಹೆಂಗಸರ ರಕ್ತ ಬೇಕಿತ್ತು, ಅವರನ್ನು ಎಲ್ಲಿ ಹುಡುಕುವುದೆಂದೇ ನಿರ್ಮಲಾಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಬಂದ ಅಂಥವರ ಚೀಟಿಗಳಲ್ಲಿ ‘ವಿಜಿಲೆನ್ಸ್ ಹೋಮ್’ ಎಂಬ ವಿಳಾಸ ಕಂಡಿತು. ಪೊಲೀಸರು ಹಿಡಿದವರನ್ನು ಕೂಡಿಹಾಕುವ ಜಾಗ. ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅಲ್ಲಿಗೆ ಹೋಗಿ, ಮೂರು ತಿಂಗಳಲ್ಲಿ ಎಂಬತ್ತಕ್ಕೂ ಹೆಚ್ಚು ಜನರ ರಕ್ತ ತೆಗೆದರು. ಕೈಗವಸು ಇರಲಿಲ್ಲ. ಗುರು ಶಿಷ್ಯೆ ಸೇರಿ ಪುಟ್ಟ ಲ್ಯಾಬೊಂದನ್ನು ಹೇಗೋ ಹೊಂದಿಸಿಕೊಂಡು ಸೀರಮ್ ಬೇರ್ಪಡಿಸಿದರು. ಇಡಲು ಜಾಗವಿಲ್ಲದೆ ನಿರ್ಮಲಾ ಅದನ್ನು ಮನೆಯ ಫ್ರಿಜ್ಜಿನಲ್ಲಿಟ್ಟರು.

ಈ ಫ್ರಿಜ್ಜು ನನ್ನ ತಲೆಯಿಂದ ಹೋಗುವುದಿಲ್ಲ. ಹಾಲು, ಮೊಸರು, ದೋಸೆ ಹಿಟ್ಟಿನ ಪಕ್ಕದಲ್ಲೇ ಇತ್ತೇ? ಪ್ರತ್ಯೇಕ ಡಬ್ಬಿಯೇ? ಮನೆಗೆ ಬಂದ ನೆಂಟರು ತಣ್ಣೀರಿಗೆಂದು ಬಾಗಿಲು ತೆಗೆದರೆ? ಜೈವಿಕ ಸುರಕ್ಷತೆಯ ಪಾಠಗಳು ಈಗ ಪುಟಗಟ್ಟಲೆ ಇವೆ. ಅವನ್ನು ಬರೆದವರು ಈ ಫ್ರಿಜ್ಜಿನ ಮಾತು ಕೇಳಿದರೆ ಬೆವರುತ್ತಾರೆ. ಆದರೆ ಬೇರೆ ದಾರಿ ಏನಿತ್ತು, ಯಾರಾದರೂ ಹೇಳಲಿ.

ಚೆನ್ನೈಯಲ್ಲಿ ಎಲೈಸಾ ಪರೀಕ್ಷೆಯ ಸೌಕರ್ಯವಿರಲಿಲ್ಲ. 1986ರ ಫೆಬ್ರವರಿಯಲ್ಲಿ ನಿರ್ಮಲಾ ಮತ್ತು ಅವರ ಗಂಡ ಐಸ್ ಪೆಟ್ಟಿಗೆ ಹಿಡಿದು ರಾತ್ರಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರು. ಅಲ್ಲಿಂದ ಆಟೊದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ವೈರಾಲಜಿ ಮುಖ್ಯಸ್ಥ ಜೇಕಬ್ ಜಾನ್ ಇಬ್ಬರು ಕಿರಿಯರನ್ನು ಜೊತೆಗೆ ಕೊಟ್ಟರು, ಜಾರ್ಜ್ ಬಾಬು ಮತ್ತು ಎರಿಕ್ ಸಿಮೋಯ್ಸ್. ಬೆಳಿಗ್ಗೆ ಶುರುವಾದ ಪರೀಕ್ಷೆಯ ನಡುವೆ ಮಧ್ಯಾಹ್ನ ಕರೆಂಟು ಹೋಯಿತು, ಎಲ್ಲರೂ ಚಹಾಕ್ಕೆ ಎದ್ದರು. ವಾಪಸು ಬಂದಾಗ ಆರು ಗುಳಿಗಳು ಹಳದಿ, ಅಂದರೆ ಪಾಸಿಟಿವ್.

ಎಲೈಸಾ ಆಗಾಗ ಸುಳ್ಳು ಹೇಳುತ್ತದೆ. ಅದನ್ನು ದೃಢಪಡಿಸುವ ವೆಸ್ಟರ್ನ್ ಬ್ಲಾಟ್ ಆಗ ಇಲ್ಲಿ ಇರಲಿಲ್ಲ. ಆರು ಮಂದಿಯಿಂದ ಮತ್ತೆ ರಕ್ತ ತೆಗೆದರು, ಸಿಮೋಯ್ಸ್ ಅದನ್ನು ಹೊತ್ತು ಅಮೆರಿಕಕ್ಕೆ ಹಾರಿದರು, ಅಲ್ಲಿ ಖಚಿತವಾಯಿತು. ಮೇ ತಿಂಗಳಲ್ಲಿ ಆರೋಗ್ಯ ಸಚಿವ ಹಂಡೆ ತಮಿಳುನಾಡು ವಿಧಾನಸಭೆಗೆ ತಿಳಿಸಿದರು.

ಅಂತರರಾಷ್ಟ್ರೀಯ ಸಹಯೋಗ ಎಂದು ಈಗ ದೊಡ್ಡ ಸಭಾಂಗಣಗಳಲ್ಲಿ ಹೇಳುವುದರ ಅಸಲಿ ರೂಪ ಇದೇ ಎಂದು ನನ್ನ ಅನುಮಾನ. ರಕ್ತ ಇಲ್ಲಿಯದು, ಖಾತ್ರಿ ಅಲ್ಲಿಯದು. ಸಿಮೋಯ್ಸರ ಶ್ರಮವನ್ನು ನಾನು ಅಲ್ಲಗಳೆಯುತ್ತಿಲ್ಲ. ಅವರಿಲ್ಲದೆ ಆ ಸುದ್ದಿಗೆ ಬೆಲೆ ಬರುತ್ತಿರಲಿಲ್ಲ. ನಿರ್ಮಲಾ 1987ರ ಮಾರ್ಚಿನಲ್ಲಿ ಡಿಸರ್ಟೇಶನ್ ಒಪ್ಪಿಸಿ, ಚೆನ್ನೈಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲಸಿಕೆ ತಯಾರಿಕೆಯ ಕೆಲಸಕ್ಕೆ ಸೇರಿ 2010ರಲ್ಲಿ ನಿವೃತ್ತರಾದರು. ಸುನೀತಿ 1993ರಲ್ಲಿ ವೈಆರ್‌ಜಿ ಕೇರ್ ಕಟ್ಟಿದರು. ಅವರು 2015ರಲ್ಲಿ ತೀರಿಕೊಂಡ ಮೇಲೆ ಪದ್ಮಶ್ರೀ ಬಂತು. ಬಂಧನದಲ್ಲಿದ್ದ ಆ ಹೆಂಗಸರಿಗಂತೂ ರಕ್ತ ಯಾವ ಪರೀಕ್ಷೆಗೆಂದು ಮೊದಲು ಹೇಳಿಯೇ ಇರಲಿಲ್ಲ. ಈ ಕಥೆಯಲ್ಲಿ ನನಗೆ ಒಗ್ಗದ ಭಾಗ ಅದು. ಫ್ರಿಜ್ಜಲ್ಲ.

ಇಂಥ ಸಹಯೋಗಕ್ಕೆ ತರಬೇತಿಯ ಹಣ ಆಮೇಲೆ ಹರಿಯತೊಡಗಿತು. ಅಮೆರಿಕದ ಫೋಗರ್ಟಿ ಕೇಂದ್ರ 1988ರಲ್ಲಿ ಏಡ್ಸ್ ಸಂಶೋಧಕರ ತರಬೇತಿಗೆಂದೇ ಯೋಜನೆ ತಂದಿತು. ನಮ್ಮ ಮೈಸೂರಿಗೂ ಆ ದಾರಿಯ ಒಂದು ಕವಲು ಬಂದಿದೆ. ಬರ್ಕ್ಲಿಯಲ್ಲಿ ಸಾಂಕ್ರಾಮಿಕ ರೋಗಶಾಸ್ತ್ರ ಕಲಿತ ಪೂರ್ಣಿಮಾ ಮಧಿವಾನನ್ 2005ರಲ್ಲಿ ಮೈಸೂರಿನಲ್ಲಿ ‘ಪ್ರೇರಣಾ’ ಎಂಬ ಮಹಿಳಾ ಆರೋಗ್ಯ ಕೇಂದ್ರ ತೆರೆದರು. ಮುಂದೆ ‘ಕಿಸಲಯ’ ಯೋಜನೆಯಲ್ಲಿ ಗರ್ಭಿಣಿಯರ ತಪಾಸಣೆ ಮತ್ತು ಎಚ್‌ಐವಿ ಪರೀಕ್ಷೆಯನ್ನು ಸಂಚಾರಿ ಕ್ಲಿನಿಕ್ಕಿನಲ್ಲಿ ಹಳ್ಳಿಗಳಿಗೇ ಒಯ್ದರು.

ಸಿಮೋಯ್ಸ್ ಹಾಗೆ ರಕ್ತ ಹಿಡಿದು ವಿಮಾನ ಹತ್ತುವುದು ಈಗ ಸಾಧ್ಯವಿಲ್ಲ. ನೈತಿಕ ಸಮಿತಿಯ ಒಪ್ಪಿಗೆ ಬೇಕು. ವಿದೇಶಿ ಸಹಯೋಗವಾದರೆ ದಿಲ್ಲಿಯಲ್ಲಿ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು. ರಕ್ತ ಕೊಡುವ ಹೆಂಗಸಿಗೆ ಅವಳ ಭಾಷೆಯಲ್ಲೇ ಎಲ್ಲ ವಿವರಿಸಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಕಡತ ದಿಲ್ಲಿಯಿಂದ ವಾಪಸು ಬರುವುದಕ್ಕೆ ಕಾಯುವವರು ಗೊಣಗುತ್ತಾರೆ. ಗೊಣಗಲಿ ಬಿಡಿ, ಆ ಹೆಬ್ಬೆಟ್ಟಿಗಾಗಿ ಅಷ್ಟು ಕಾಯಬಹುದು.