ಲಕ್ಷ್ಮೇಶ್ವರದ ಒತ್ತಕ್ಷರವೂ ಎಲ್ಲರ ಭಂಡಾರವೂ

ಗದಗ-ಬೆಟಗೇರಿಯ ಮುದ್ರಣಾಲಯಗಳ ಹೆಸರು ಬಹುಮಂದಿ ವಾಚಕರಿಗೆ ಪರಿಚಿತವೇ. ಸೀಸದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ, ಪೆಟ್ಟಿಗೆಯ ಒಂದು ಮನೆಯೊಳಗೆ ತಪ್ಪು ಮೊಳೆ ಸೇರಿದರೆ, ಅಲ್ಲಿಂದ ಮೊಳೆ ತೆಗೆದವರೆಲ್ಲರ ಪುಟದಲ್ಲಿಯೂ ತಪ್ಪು ಮೂಡುತ್ತಿದ್ದಿತು. ಗಣಕಯಂತ್ರದಲ್ಲಿ ಸೀಸವಿಲ್ಲ, ಆದರೆ ಆ ಭಯವು ಹೋಗಿಲ್ಲ.

‘ಲಕ್ಷ್ಮೇಶ್ವರ’ವೆಂಬ ಹೆಸರನ್ನೇ ನೋಡಿರಿ. 1991ರಲ್ಲಿ ಹೊರಬಂದ ಯೂನಿಕೋಡ್ ಪದ್ಧತಿಯಂತೆ ಯಂತ್ರವು ಇದನ್ನು 11 ಸಂಖ್ಯೆಗಳಾಗಿ ಇರಿಸಿಕೊಳ್ಳುವುದು. ಅವುಗಳಲ್ಲಿ ಅಕ್ಷರದ ರೂಪವಿಲ್ಲ. ಮಕಾರವನ್ನು ಒತ್ತಾಗಿ ಕೆಳಗಿಳಿಸಿ, ಏತ್ವವನ್ನು ಸೀಳಿ, ಅದರ ತಲೆಯನ್ನು ‘ಕ್ಷ’ದ ಮೇಲೂ ದೀರ್ಘವನ್ನು ಬಲಕ್ಕೂ ಇಡಬೇಕು. ‘ಶಿರಹಟ್ಟಿ’ಯಲ್ಲಿಯಾದರೋ ಕೊನೆಗೆ ಒತ್ತಿದ ಗುಡಿಸು ಮೊದಲ ಟಕಾರವನ್ನೇರಬೇಕು. ಮುಂಡರಗಿಯವರು ಪುಣ್ಯವಂತರು, ಅವರ ಊರಿಗೆ ಒತ್ತಿನ ತೊಡಕಿಲ್ಲ!

ಈ ಕೆಲಸವನ್ನು ಒಂದೊಂದು ತಂತ್ರಾಂಶವೂ ತಾನೇ ಮಾಡಿಕೊಳ್ಳುವುದಿಲ್ಲ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲವೂ ಹಾರ್ಫ್‌ಬಝ್ ಎಂಬ ಒಂದೇ ಆಜ್ಞಾಭಂಡಾರವನ್ನು ಬಳಸುತ್ತವೆ. ಅದು ಮುಕ್ತವಾದುದು, ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಇದರ ಮೂಲಭಾಗವು ಮೊದಲು ಫ್ರೀಟೈಪ್ ಎಂಬಲ್ಲಿದ್ದು, ಪ್ಯಾಂಗೋ, ಕ್ಯೂಟಿ ಎಂಬೆರಡು ಕಡೆ ಬೇರೆ ಬೇರೆಯಾಗಿ ಬೆಳೆಯಿತು. ಒಂದೇ ಮನೆಯ ಲೆಕ್ಕವನ್ನು ಎರಡು ವಹಿಗಳಲ್ಲಿ ಬರೆದಂತಾಯಿತು: ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಹಾಗೆಯೇ ಉಳಿಯುವುದು. ತರುವಾಯ ಎರಡನ್ನೂ ಕೂಡಿಸಿದರು. ಅಷ್ಟರಿಂದ ತೃಪ್ತರಾಗದೆ ಬೆಹದಾದ್ ಎಸ್ಫಹಬೋದ್ ಎಂಬವರು ಅದನ್ನು ಹೊಸದಾಗಿಯೇ ಬರೆದರು. ಈ ಭಂಡಾರದ ಕೆಲಸಕ್ಕಾಗಿ ಅವರಿಗೆ 2013ರಲ್ಲಿ ಓರೈಲಿ ಪಾರಿತೋಷಕವು ದೊರೆಯಿತು. ಹೊಸ ಬರಹವನ್ನು 9 ಲಕ್ಷಕ್ಕೂ ಮಿಕ್ಕಿದ ಕನ್ನಡ ಪದಗಳ ಮೇಲೆ ಪರೀಕ್ಷಿಸಿ, ತಪ್ಪಿದ ಕೆಲವು ನೂರು ಪದಗಳನ್ನು ಬೇರೆಯಾಗಿ ಎಣಿಸಿದರು.

ತಿದ್ದುವುದು ಸುಲಭವೆಂದು ಬಗೆಯಬಾರದು. ‘ಸೂರ್ಯ’ವನ್ನು ಅರ್ಕಾವತ್ತಿನಿಂದ ಬರೆಯಬಹುದು, ರಕಾರಕ್ಕೆ ಒತ್ತು ಕೊಟ್ಟು ‘ಸೂರ‍್ಯ’ ಎಂದೂ ಬರೆಯಬಹುದು. ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಸಂಜ್ಞೆಯು ರಕಾರಕ್ಕೂ ವಿರಾಮಕ್ಕೂ ನಡುವೆ ಬರಬೇಕೆಂಬುದು ನಿಯಮ. ಆದರೆ ವಿರಾಮದ ಬಳಿಕ ಅದನ್ನಿಟ್ಟು ಬರೆದ ಹಳೆಯ ಬರಹಗಳೂ ಇದ್ದವು. ಅವನ್ನು ಕೆಡಿಸುವುದು ನ್ಯಾಯವೆ? ಆದಕಾರಣ ಎರಡು ಕ್ರಮಗಳನ್ನೂ ಸಮಾನವೆಂದು ಎಣಿಸುವಂತೆ ಭಂಡಾರವನ್ನು ತಿದ್ದಿದರು. ಅದೂ ಕನ್ನಡಕ್ಕೆ ಮಾತ್ರ. ಏಕೆಂದರೆ ಅದೇ ಆಜ್ಞೆಗಳು ಭಾರತದ ಹಲವು ಲಿಪಿಗಳಿಗೆ ದುಡಿಯುತ್ತಿರುವುವು. ಹಳೆಯ ಕ್ರಮವೇ ಮರಾಠಿಯಲ್ಲಿ ರಕಾರದ ಬೇರೊಂದು ರೂಪವನ್ನು ಮೂಡಿಸುವುದು. ನಮ್ಮ ಸೂರ್ಯನನ್ನು ಬೆಳಗಿಸಲು ಹೋಗಿ ನೆರೆಯವರ ದೀಪವನ್ನು ಆರಿಸುವಂತಿರಲಿಲ್ಲ.

ಗೃಹಸ್ಥರಿಗೂ ಇಲ್ಲಿ ಕೆಲಸವುಂಟು. ಊರಿನ ಹೆಸರು ಪರದೆಯ ಮೇಲೆ ಒಡೆದು ಕಂಡರೆ, ಮೊದಲು ಬೇರೊಂದು ಅಕ್ಷರವಿನ್ಯಾಸದಲ್ಲಿ ನೋಡಿರಿ. ಅಲ್ಲಿ ಸರಿಯಾಗಿ ಕಂಡರೆ ದೋಷವು ಹೆಚ್ಚಾಗಿ ಮೊದಲಿನ ವಿನ್ಯಾಸದ್ದು. ಅಲ್ಲಿಯೂ ಒಡೆದರೆ ಚಿತ್ರವೊಂದೇ ಸಾಲದು. ಒತ್ತಿದ ಪದವನ್ನು ಇದ್ದಂತೆಯೇ ಕಳುಹಿಸಬೇಕು. ಸರಿಪಡಿಸಿದ ಪದವನ್ನು ಪರೀಕ್ಷೆಯ ಪಟ್ಟಿಯಲ್ಲಿ ಸೇರಿಸುವ ರೂಢಿಯುಂಟು. ಮುಂದೆ ಭಂಡಾರವನ್ನು ಯಾರು ತಿದ್ದಿದರೂ ಆ ಪದವು ಮತ್ತೊಮ್ಮೆ ಪರೀಕ್ಷೆಗೆ ಬರುವುದು.