ವೈಟ್‌ಫೀಲ್ಡಿನ ಫ್ರೆಂಚಿಗೆ ಹೈಸ್ಕೂಲಿನ ಕನ್ನಡ ವ್ಯಾಕರಣ

ಮಂತ್ರಿಯೊಬ್ಬರು ಕುರ್ಚಿ ಬಿಟ್ಟ ಸುದ್ದಿ ಹಬ್ಬಿದೆ, ಖಚಿತವಾಗಿಲ್ಲ. ಕನ್ನಡಿಗರು ‘ರಾಜೀನಾಮೆ ಕೊಟ್ಟರಂತೆ’ ಎನ್ನುತ್ತಾರೆ. ಆ ‘ಅಂತೆ’ ಬಂದರೆ ಸಾಕು, ಮಾತಿನ ಹೊಣೆ ಹೇಳುವವರ ಮೇಲಿಲ್ಲ ಎಂದು ಕೇಳುವವರಿಗೆ ತಿಳಿಯುತ್ತದೆ. ಪ್ಯಾರಿಸ್ಸಿನ ಪತ್ರಕರ್ತರು ಇದೇ ಕೆಲಸವನ್ನು ಕ್ರಿಯಾಪದದ ರೂಪ ಬದಲಿಸಿ ಮಾಡುತ್ತಾರೆ: ‘ಲ ಮಿನಿಸ್ತ್ರ್ ಒರೆ ದೆಮಿಸಿಯೊನೆ’. ‘ಒರೆ’ ಇರುವಲ್ಲಿ ‘ಆ’ ಎಂದು ಬರೆದರೆ ಮಂತ್ರಿ ರಾಜೀನಾಮೆ ಕೊಟ್ಟೇಬಿಟ್ಟರು. ‘ಒರೆ’ ಎಂದರೆ ಕೊಟ್ಟರಂತೆ. ವ್ಯಾಕರಣದಲ್ಲಿ ಇದರ ಹೆಸರು ಕೋಂದಿಸಿಯೊನೆಲ್ ದ ಪ್ರೆಸ್, ಅಂದರೆ ಪತ್ರಿಕೆಗಳು ಬಳಸುವ ಕೋಂದಿಸಿಯೊನೆಲ್ ಎಂಬ ಷರತ್ತಿನ ಕ್ರಿಯಾರೂಪ. ಫ್ರೆಂಚಿನ ಮೇಲಿನ ಹಂತದ ಪರೀಕ್ಷೆಗಳಲ್ಲಿ ಪತ್ರಿಕಾ ಲೇಖನ ಓದಿ ಉತ್ತರಿಸುವಾಗ ಈ ರೂಪ ಗುರುತಿಸದವರು ವದಂತಿಯನ್ನು ನಿಜವೆಂದು ಓದಿ ಅಂಕ ಕಳೆದುಕೊಳ್ಳುತ್ತಾರೆ.

ಬೆಂಗಳೂರಿನ ಹೊರವಲಯದಲ್ಲಿ ಇಂಥ ಪರೀಕ್ಷೆಗಳಿಗೆ ಓದಲು ಕಾರಣಗಳಿವೆ. ವೈಟ್‌ಫೀಲ್ಡಿನಲ್ಲಿ ಫ್ರೆಂಚ್ ಮೂಲದ ಕ್ಯಾಪ್‌ಜೆಮಿನಿ ಇದೆ, ಮಹದೇವಪುರದಲ್ಲಿ ಏರ್‌ಬಸ್ ಇದೆ. ಪೀಣ್ಯದ ಡೈನಾಮ್ಯಾಟಿಕ್ ಟೆಕ್ನಾಲಜೀಸ್ ಕಂಪನಿ ಏರ್‌ಬಸ್ ಎ320 ವಿಮಾನದ ರೆಕ್ಕೆಯ ಬಿಡಿಭಾಗಗಳನ್ನು ಮಾಡಿಕೊಡುತ್ತದೆ. ಫ್ರಾನ್ಸಿನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದಲು ಸಾಮಾನ್ಯವಾಗಿ ಬಿ2 ಎಂಬ ಮೇಲ್ಮಧ್ಯಮ ಮಟ್ಟ ಕೇಳುತ್ತಾರೆ. ಕೆನಡಾದ ಆಕರ್ಷಣೆ ಇನ್ನೂ ಜೋರು. ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆ ಫ್ರೆಂಚ್ ಬಲ್ಲವರನ್ನು 2023ರಿಂದ ಪ್ರತ್ಯೇಕ ವಿಭಾಗವಾಗಿಯೇ ಆರಿಸುತ್ತಿದೆ. 2024ರ ಫೆಬ್ರವರಿ ಕೊನೆಯ ವಾರದಲ್ಲಿ ಸಾಮಾನ್ಯ ಆಯ್ಕೆಗೆ 534 ಅಂಕ ಬೇಕಾಗಿದ್ದರೆ ಫ್ರೆಂಚ್ ವಿಭಾಗಕ್ಕೆ 336 ಸಾಕಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ವೀಕೆಂಡ್ ಕ್ಲಾಸಿಗೆ ಸೇರಲು ಈ ಒಂದು ಅಂತರವೇ ಸಾಕು.

ಪರೀಕ್ಷೆಗಳು ಹಲವು. ಕೆನಡಾಕ್ಕೆ ಹೋಗುವವರು ಬರೆಯುವುದು ಟಿಇಎಫ್ ಅಥವಾ ಟಿಸಿಎಫ್. ಅವುಗಳ ಫಲಿತಾಂಶ 2 ವರ್ಷ ಮಾತ್ರ ಊರ್ಜಿತ. ಎ1ರಿಂದ ಬಿ2ವರೆಗಿನ ಡೆಲ್ಫ್, ಅದರ ಮೇಲೆ ಸಿ1 ಮತ್ತು ಸಿ2ರ ಡಾಲ್ಫ್ ಫ್ರಾನ್ಸಿನ ಶಿಕ್ಷಣ ಇಲಾಖೆಯ ಪ್ರಮಾಣಪತ್ರಗಳು, ಜೀವನಪರ್ಯಂತ ನಡೆಯುತ್ತವೆ. ಡೆಲ್ಫ್ ಬಿ2ರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಬೆಂಗಳೂರಿನಲ್ಲಿ ಈ ಪರೀಕ್ಷೆಗಳ ಹಳೆಯ ವಿಳಾಸ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಪೀಣ್ಯಕ್ಕೆ ಮೆಟ್ರೊದ ಹಸಿರು ಮಾರ್ಗ, ವೈಟ್‌ಫೀಲ್ಡಿಗೆ ನೇರಳೆ ಮಾರ್ಗ ಮೊದಲೇ ಇದ್ದವು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವೂ ಓಡತೊಡಗಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ನಗರದ ನಡುವಿಗೆ ಬರುವುದು ಸಲೀಸಾಗಿದೆ.

ವ್ಯಾಕರಣದ ದಾರಿ ಅಷ್ಟು ಸಲೀಸಲ್ಲ. ಇಲ್ಲಿನ ಬಹುತೇಕರು ಫ್ರೆಂಚನ್ನು ಇಂಗ್ಲಿಷ್ ಮೂಲಕ ಕಲಿಯುತ್ತಾರೆ, ಆರಂಭದ ಹಂತಗಳಲ್ಲಿ ಅದರಿಂದ ಅನುಕೂಲವೂ ಇದೆ. ಆದರೆ ಬಿ2 ದಾಟುವಾಗ ಎದುರಾಗುವ ಹಲವು ರೂಪಗಳು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಸವೆದುಹೋಗಿವೆ. ಕನ್ನಡದಲ್ಲಿ ಅವಕ್ಕೆ ಹತ್ತಿರದ ರೂಪಗಳು ಇಂದಿಗೂ ದಿನಬಳಕೆಯಲ್ಲಿವೆ.

ಎಲ್ಲರೂ ಹೆದರುವ ಸುಬ್‌ಜೋಂಕ್ತಿಫ್ ಅನ್ನೇ ತೆಗೆದುಕೊಳ್ಳಬಹುದು. ಆಸೆ, ಅಪ್ಪಣೆ, ಅಗತ್ಯ, ಅನುಮಾನ ಹೇಳುವ ಮಾತಿನಲ್ಲಿ ಬರುವ ಕ್ರಿಯಾರೂಪವಿದು. ‘ಅವನು ಬರುತ್ತಾನೆ’ ಎಂಬುದು ಸುದ್ದಿ. ‘ಅವನು ಬರಲಿ’ ಎಂಬುದು ಸುದ್ದಿಯಲ್ಲ, ಬಯಕೆ. ‘ಅವನು ಬಂದಾನು’ ಎಂಬುದು ಊಹೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ವಿಧ್ಯರ್ಥಕ, ಸಂಭಾವನಾರ್ಥಕ ಎಂಬ ಹೆಸರುಗಳು ನೆನಪಿರುತ್ತವೆ. ಫ್ರೆಂಚಿನಲ್ಲಿ ‘ಕಿಲ್ ವಿಯೆನ್’ ಎಂದರೆ ನೇರವಾಗಿ ‘ಅವನು ಬರಲಿ’ ಎಂದೇ. ‘ಜ ವ ಕಿಲ್ ವಿಯೆನ್’ ಎಂದರೆ ಅವನು ಬರಲಿ ಅಂತ ನನ್ನ ಇಚ್ಛೆ. ‘ಬಂದಾನೋ ಇಲ್ಲವೋ’ ಎಂಬ ಶಂಕೆಗೂ ಅದೇ ‘ವಿಯೆನ್’. ‘ಬರುತ್ತಾನೆ ಅಂದುಕೊಂಡಿದ್ದೇನೆ’ ಎಂಬ ನಂಬಿಕೆಗೆ ಮಾತ್ರ ಭವಿಷ್ಯತ್ಕಾಲದ ‘ವಿಯಾಂದ್ರಾ’. ‘ಲಿ’ ಪ್ರತ್ಯಯದ ಅರ್ಥ ಹಿಡಿದು ಹೊರಟವರಿಗೆ ಅರ್ಧ ಕೆಲಸ ಮುಗಿದಂತೆ.

ಇನ್ನರ್ಧ ಬಾಯಿಪಾಠವೇ. ‘ಬಿಯಾಂ ಕ’, ಅಂದರೆ ‘ಆದರೂ’ ಎಂಬ ಅರ್ಥದ ಪದ, ನಡೆದುಹೋದ ಸಂಗತಿ ಹೇಳುವಾಗಲೂ ಸುಬ್‌ಜೋಂಕ್ತಿಫ್ ಕೇಳುತ್ತದೆ. ‘ಸ್ವೆತೆ’ ಎಂಬ ಹಾರೈಕೆಯ ಕ್ರಿಯಾಪದಕ್ಕೆ ಅದು ಬೇಕು, ‘ಎಸ್ಪೆರೆ’ ಎಂಬ ಭರವಸೆಯ ಕ್ರಿಯಾಪದಕ್ಕೆ ಬೇಡ. ಈ ಜೋಡಿಗಳನ್ನು ಬರೆದಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಮುಂದಿನ ತೊಡಕು ‘ದೋಂ’ ಎಂಬ ಜೋಡಣೆಯ ಪದ. ‘ಬೇಕಾದ ಹಣ’, ‘ಮೊನ್ನೆ ಹೇಳಿದ ಪುಸ್ತಕ’ ಎಂದು ಕನ್ನಡ ಕೃದಂತದಲ್ಲಿ ಸರಾಗವಾಗಿ ಹೇಳಿ ಮುಗಿಸುತ್ತದೆ. ಯಾವುದರ ಬಗ್ಗೆ ಹೇಳಿದ್ದು ಎಂಬ ಸಂಬಂಧವನ್ನು ಕೇಳುವವರ ಊಹೆಗೆ ಬಿಡುತ್ತದೆ. ಫ್ರೆಂಚ್ ಹಾಗೆ ಬಿಡುವುದಿಲ್ಲ. ಕ್ರಿಯಾಪದದ ಜೊತೆ ‘ದ’ ಎಂಬ ಪದ ಬರುವಂತಿದ್ದರೆ ಜೋಡಿಸುವ ಪದ ‘ದೋಂ’ ಆಗಲೇಬೇಕು: ‘ಲಾರ್ಜಾಂ ದೋಂ ಜೆ ಬಜ್ವ್ಯಾಂ’, ನನಗೆ ಬೇಕಾದ ಹಣ. ಕ್ರಿಯಾಪದವನ್ನು ಒಂಟಿಯಾಗಿ ಕಲಿಯದೆ ಅದರ ಹಿಂದೆ ಬರುವ ‘ದ’ ಅಥವಾ ‘ಆ’ ಸಮೇತ ಕಲಿತರೆ ಈ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ಕನ್ನಡ ಕೈಕೊಡುವ ಜಾಗಗಳೂ ಇವೆ, ಮುಚ್ಚಿಡಬೇಕಿಲ್ಲ. ‘ನಾಳೆ ಬರ್ತೀನಿ ಅಂದ’ ಎಂದು ಇನ್ನೊಬ್ಬರ ಮಾತನ್ನು ಇದ್ದಂತೆಯೇ ಒಪ್ಪಿಸುವುದು ನಮ್ಮ ರೂಢಿ. ಫ್ರೆಂಚ್ ವರದಿಯಲ್ಲಿ ‘ನಾನು’ ಹೋಗಿ ‘ಅವನು’ ಬರಬೇಕು, ಭವಿಷ್ಯತ್ತು ಕೋಂದಿಸಿಯೊನೆಲ್ ಆಗಬೇಕು, ನಾಳೆ ಎಂಬ ‘ದಮ್ಯಾಂ’ ಮರುದಿನ ಎಂಬ ‘ಲ ಲಾಂದ್‌ಮ್ಯಾಂ’ ಆಗಬೇಕು. ಕಾಲಗಳ ಈ ಹೊಂದಾಣಿಕೆಗೆ ಕೋಂಕೊರ್ದಾಂಸ್ ದೆ ತಾಂ ಎಂದು ಹೆಸರು. ಲಿಂಗದ ಕಥೆಯೂ ಅಷ್ಟೇ. ಕನ್ನಡದಲ್ಲಿ ಪತ್ರ ನಪುಂಸಕ, ಫ್ರೆಂಚಿನಲ್ಲಿ ಸ್ತ್ರೀಲಿಂಗ. ಅದು ಕ್ರಿಯಾಪದಕ್ಕಿಂತ ಮೊದಲು ಬಂದರೆ ಕೃದಂತವೂ ಅದರ ಲಿಂಗ, ವಚನ ತಾಳುತ್ತದೆ: ‘ಲೆ ಲೆತ್ರ್ ಕ ಜೆ ಎಕ್ರೀತ್’, ನಾನು ಬರೆದ ಪತ್ರಗಳು. ಇಲ್ಲಿ ನೆರವಾಗುವುದು ಶಾಲೆಯ ಹಿಂದಿ. ‘ಮೈನೇ ಚಿಟ್ಠಿಯಾಂ ಲಿಖೀಂ’ ಎನ್ನುವಾಗ ಬರೆದವರು ಗಂಡಸಾದರೂ ಕ್ರಿಯೆ ಪತ್ರಗಳನ್ನೇ ಅನುಸರಿಸುತ್ತದಲ್ಲ, ಹಾಗೆ.

ಸಿ1ರಲ್ಲಿ ಹೆಚ್ಚಿನವರು ಎಡವುವುದು ಸ್ಯಾಂತೆಜ್ ಎಂಬ ಬರಹದಲ್ಲಿ. ಹಲವು ಲೇಖನಗಳನ್ನು ಓದಿ, ಅವುಗಳ ಸಾರವನ್ನು ಒಂದೇ ಹೆಣಿಗೆಯಲ್ಲಿ ಸುಮಾರು 220 ಪದಗಳಿಗೆ ಇಳಿಸಬೇಕು. ಸ್ವಂತ ಅಭಿಪ್ರಾಯ ಸೇರಿಸುವಂತಿಲ್ಲ, ಮೂಲದ ವಾಕ್ಯಗಳನ್ನು ಎತ್ತಿಡುವಂತಿಲ್ಲ. ಅಭಿಪ್ರಾಯಕ್ಕೆ ಆಮೇಲೆ 250 ಪದಗಳ ಬೇರೆ ಪ್ರಬಂಧವಿದೆ. ಲೇಖನಗಳೆಲ್ಲ ಎತ್ತುವ ಸಮಾನ ಪ್ರಶ್ನೆಗೆ ಪ್ರೊಬ್ಲೆಮಾತಿಕ್ ಎನ್ನುತ್ತಾರೆ, ಮೊದಲು ಅದನ್ನು ಕಂಡುಕೊಳ್ಳಬೇಕು. ಪದ ಉಳಿಸುವ ಉಪಾಯ ನೊಮಿನಲಿಜಾಸಿಯೋಂ, ಅಂದರೆ ಕ್ರಿಯಾಪದವನ್ನು ನಾಮಪದ ಮಾಡುವುದು. ಕನ್ನಡ ದಿನಪತ್ರಿಕೆ ಓದುವವರಿಗೆ ಇದು ಹೊಸತೇನಲ್ಲ. ‘ಕಾರ್ಖಾನೆ ಮುಚ್ಚಿದರು, ಕಾರ್ಮಿಕರು ಪ್ರತಿಭಟಿಸಿದರು’ ಎಂಬುದನ್ನು ‘ಕಾರ್ಖಾನೆ ಸ್ಥಗಿತ: ಕಾರ್ಮಿಕರ ಪ್ರತಿಭಟನೆ’ ಎಂದು ತಲೆಬರಹದಲ್ಲಿ ದಿನವೂ ನೋಡುತ್ತೇವೆ. ಮುಚ್ಚು ಎಂಬ ‘ಫೆರ್ಮೆ’ ಮುಚ್ಚುಗಡೆ ಎಂಬ ‘ಫೆರ್ಮತ್ಯುರ್’ ಆಗುವುದು ಹೀಗೆಯೇ.

ಪದಸಂಪತ್ತಿನಲ್ಲಿ ಇಂಗ್ಲಿಷ್ ಬಲ್ಲವರೇ ಹೆಚ್ಚು ಎಚ್ಚರವಾಗಿರಬೇಕು. ರೂಪ ಒಂದೇ, ಅರ್ಥ ಬೇರೆ ಇರುವ ಪದಗಳನ್ನು ಫ್ರೆಂಚರು ‘ಫೋಜಾಮಿ’, ಸುಳ್ಳು ಗೆಳೆಯರು, ಎನ್ನುತ್ತಾರೆ. ‘ಆಕ್ತ್ಯುಯೆಲ್‌ಮಾಂ’ ಎಂದರೆ ಸದ್ಯಕ್ಕೆ, ಆಕ್ಚುಯಲಿ ಅಲ್ಲ. ‘ದಮಾಂದೆ’ ಎಂದರೆ ಬರೀ ಕೇಳುವುದು, ಡಿಮ್ಯಾಂಡ್ ಮಾಡುವುದಲ್ಲ. ‘ಎವಾಂತ್ಯುಯೆಲ್‌ಮಾಂ’ ಎಂದರೆ ಆದರೆ ಆಗಬಹುದು. ಇಂಗ್ಲಿಷಿನ ಇವೆಂಚುಯಲಿ ಎಂದುಕೊಂಡು ಅದನ್ನು ಡೆಲಿವರಿ ದಿನಾಂಕದ ಜೊತೆ ಬರೆದರೆ ಪ್ಯಾರಿಸ್ಸಿನ ಗ್ರಾಹಕರು ‘ಕೆಲಸ ಮುಗಿಯುವುದು ಗ್ಯಾರಂಟಿಯಿಲ್ಲ’ ಎಂದು ಓದುತ್ತಾರೆ. ಪರೀಕ್ಷೆಯಲ್ಲಿ ಹೋಗುವುದು ಅಂಕ, ಕಚೇರಿಯಲ್ಲಿ ಹೋಗುವುದು ವಿಶ್ವಾಸ.

ಮಾತಿನ ಧಾಟಿಯನ್ನೂ ಪರೀಕ್ಷಕರು ನೋಡುತ್ತಾರೆ. ಪುಸ್ತಕಕ್ಕೆ ಗೆಳೆಯರ ನಡುವೆ ‘ಬುಕ್ಯಾಂ’, ಎಲ್ಲೆಡೆ ಸಲ್ಲುವುದು ‘ಲಿವ್ರ್’, ಗಂಭೀರ ಬರಹದಲ್ಲಿ ‘ಊವ್ರಾಜ್’. ‘ಬುಕ್ಕು’, ‘ಪುಸ್ತಕ’, ‘ಕೃತಿ’ ಎಂಬ ಮೂರನ್ನೂ ಸಂದರ್ಭ ನೋಡಿ ಬಳಸುವ ಕನ್ನಡಿಗರಿಗೆ ಈ ವಿವೇಕ ಹೇಳಿಕೊಡಬೇಕಿಲ್ಲ.

ಹಾಗಾಗಿ ಬೆಂಗಳೂರಿನ ಫ್ರೆಂಚ್ ಶಿಕ್ಷಕರಲ್ಲಿ ಕನ್ನಡ ಬಲ್ಲವರು ತರಗತಿಯಲ್ಲಿ ‘ಬರಲಿ’, ‘ಬಂದಾನು’, ‘ಬಂದನಂತೆ’ಗಳನ್ನು ಧೈರ್ಯವಾಗಿ ಬೋರ್ಡಿನ ಮೇಲೆ ಬರೆಯಬೇಕು. ಕಲಿಯುವವರೂ ಅಷ್ಟೇ: ನೋಟ್ಸಿನಲ್ಲಿ ಇಂಗ್ಲಿಷ್ ಅರ್ಥದ ಪಕ್ಕ ಕನ್ನಡಕ್ಕೊಂದು ಸಾಲು ಬಿಡಿ, ಹೈಸ್ಕೂಲಿನ ವ್ಯಾಕರಣ ಪುಸ್ತಕ ಮನೆಯಲ್ಲಿದ್ದರೆ ಈ ವಾರವೇ ಹೊರಗೆ ತೆಗೆಯಿರಿ.